ಮಾಸಿನ ಗುಳಿಗೆ ಮತ್ತು ನಮಿತಾ ಹೇಳದ ಮಾತು

ಮುಂಬಯಿಯ ದಹಿಸರ್‌ನಲ್ಲಿರುವ ಶೀಲಾವತಿಯವರ ಮನೆಯಲ್ಲಿ ಬಾಣಂತನದ ತಯಾರಿ ಜೋರಾಗಿತ್ತು. ಸೊಸೆ ನಮಿತಾಗೆ ದಿನ ತುಂಬುತ್ತ ಬಂದಿತ್ತು. ಇದು ಎರಡನೆಯ ಹೆರಿಗೆ. ಆ ಭಾನುವಾರ ಮಧ್ಯಾಹ್ನ ಕಸ್ತೂರಿಬಾಯಿ ಬಂದು ಕೂತಿದ್ದಳು. ಕಲಬುರಗಿ ಕಡೆಯವಳು. ಸುತ್ತಲಿನ ಬಿಲ್ಡಿಂಗ್‌ಗಳಲ್ಲಿ ಬಾಣಂತಿಯರಿಗೆ ಮಾಲಿಶ್ ಮಾಡುವುದು ಅವಳ ಕೆಲಸ. ಶೀಲಾವತಿ ಲೇಹ್ಯಕ್ಕೆಂದು ಓಮ ಆರಿಸುತ್ತಿದ್ದರು.

"ಅತ್ತೆ, ಒಂದು ಕೇಳ್ಲಾ? ಬೈಬಾರದು," ಎಂದಳು ನಮಿತಾ.

"ಎಂತದು?"

"ಮಗುವಿನ ಹಿಂದೆ ಮಾಸು ಬರ್ತದಲ್ಲ, ಅದನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿ ಕ್ಯಾಪ್ಸೂಲ್‌ಗೆ ತುಂಬಿ ಕೊಡ್ತಾರಂತೆ. ಬಾಣಂತಿ ನುಂಗಿದ್ರೆ ಶಕ್ತಿ ಬರ್ತದೆ, ಹಾಲು ಹೆಚ್ಚಾಗ್ತದೆ, ಮನಸ್ಸಿಗೆ ಬೇಜಾರು ಹತ್ತಿರ ಸುಳಿಯುವುದಿಲ್ಲ ಅಂತ. ಇನ್‌ಸ್ಟಾಗ್ರಾಮಲ್ಲಿ ನೋಡಿದೆ. ಮಾಡಿಕೊಡುವವರ ನಂಬರೂ ಸಿಕ್ಕಿದೆ."

ಶೀಲಾವತಿಯವರ ಕೈ ಅಲ್ಲೇ ನಿಂತಿತು. "ಮಾಸನ್ನು ನುಂಗುವುದಾ? ದೇವರೇ!"

ಕಸ್ತೂರಿಬಾಯಿ ಮಾತ್ರ ಮುಂದೆ ಸರಿದು ಕೂತಳು. "ಗುಳಗಿ ಮಾಡ್ತಾರ? ಅದ್ಹೆಂಗ್ರಿ ಅಕ್ಕಾರ? ದವಾಖಾನ್ಯಾಗಿಂದ ಮನಿಗಿ ತರ್ತಾರೇನು?"

"ಐಸ್ ಹಾಕಿದ ಡಬ್ಬಿಯಲ್ಲಿ ಒಯ್ತಾರಂತೆ."

"ಒಮ್ಮಿ ನೋಡಬೇಕನಸ್ತದ ನೋಡ್ರಿ. ತಿನ್ನಬೇಕನಸಂಗಿಲ್ಲ."

"ದನ, ನಾಯಿ, ಬೆಕ್ಕು ಎಲ್ಲ ತಿಂತವಲ್ಲ?" ನಮಿತಾ ಬಿಡಲಿಲ್ಲ.

"ನಾಯಿ ತಿನ್ನುವುದೆಲ್ಲ ನಾವು ತಿಂತೇವಾ ಮಾರಾಯ್ತಿ? ಊರಲ್ಲಿ ದನ ಕರು ಹಾಕಿದ್ರೆ ನಾವು ಹಟ್ಟಿಯಲ್ಲೇ ಕಾಯ್ತಿದ್ದೆವು, ಅದು ಮಾಸು ತಿನ್ನಬಾರದು ಅಂತ."

"ನಮ್ಮ ಕಡೀನೂ ಹಂಗ್ರಿ. ಹುಲ್ಲಾಗ ಸುತ್ತಿ ಆಲದ ಗಿಡಕ್ಕ ಕಟ್ತಿದ್ರು."

"ಯಾಕೆ ತಿನ್ನಬಾರದು?"

ಹಿರಿಯರು ಮಾಡುತ್ತಿದ್ದರು, ಇವರೂ ಮಾಡಿದ್ದರು, ಅಷ್ಟೇ. ಕೊನೆಗೆ ಶೀಲಾವತಿಯೇ ಫೋನ್ ಎತ್ತಿ ತಂಗಿಯ ಮಗಳು ಶ್ರಾವ್ಯಾಳನ್ನು ಚಹಾಕ್ಕೆ ಕರೆದರು. ಅವಳು ದಾದರ್‌ನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಅವಳು ಬರುವವರೆಗೂ ಕಸ್ತೂರಿಬಾಯಿ ಏಳಲಿಲ್ಲ.

"ನಮ್ಮಲ್ಲೂ ಒಬ್ಬರು ಇದನ್ನೇ ಕೇಳಿದ್ರು ದೊಡ್ಡಮ್ಮ," ಎಂದಳು ಶ್ರಾವ್ಯಾ. "ನನಗೂ ಗೊತ್ತಿರಲಿಲ್ಲ. ಡಾಕ್ಟರ್ ಮೇಡಂ ಹತ್ರ ಕೂತು ಕೇಳಿ ತಿಳ್ಕೊಂಡೆ. ಕೆಲವು ಬಾಣಂತಿಯರಿಗೆ ಮಾಸಿನ ಗುಳಿಗೆ, ಕೆಲವರಿಗೆ ಅದರ ಹಾಗೇ ಕಾಣುವ ಬೇರೆ ಗುಳಿಗೆ ಕೊಟ್ಟು ಪರೀಕ್ಷೆ ಮಾಡಿದ್ದಾರೆ. ಯಾರಿಗೆ ಯಾವುದು ಅಂತ ನುಂಗುವವರಿಗೇ ಗೊತ್ತಿಲ್ಲ. ರಕ್ತದ ಕಬ್ಬಿಣಾಂಶದಲ್ಲಾಗಲಿ, ಮನಸ್ಸಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವು ಸಣ್ಣ ಪರೀಕ್ಷೆಗಳು ಅನ್ನುವುದೂ ನಿಜ. ಆದರೆ ಗುಣ ಉಂಟು ಅಂತ ತೋರಿಸಿದವರು ಇನ್ನೂ ಯಾರೂ ಇಲ್ಲ."

"ನುಂಗಿದ್ರೆ ನಷ್ಟವೇನು?" ಎಂದಳು ನಮಿತಾ.

"ಬೇಯಿಸಿ ಒಣಗಿಸಿದ್ರೂ ರೋಗಾಣು ಪೂರ್ತಿ ಸಾಯ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ ಅತ್ತಿಗೆ. ಅಮೆರಿಕದಲ್ಲಿ ಒಂದು ಹಸುಗೂಸಿಗೆ ರಕ್ತದ ಸೋಂಕು ಬಂತು. ಗುಣವಾಗಿ ಮನೆಗೆ ಹೋಯ್ತು. ಮತ್ತೆ ಬಂತು. ಹುಡುಕ್ತಾ ಹೋದ್ರೆ ತಾಯಿ ನುಂಗ್ತಿದ್ದ ಮಾಸಿನ ಗುಳಿಗೆಯಲ್ಲೂ ಅದೇ ರೋಗಾಣು!"

"ಅಯ್ಯ ಶಿವನ! ಕೂಸು?" ಕಸ್ತೂರಿಬಾಯಿ ಎದೆ ಹಿಡಿದುಕೊಂಡಳು.

"ಉಳೀತು. ಮೆಡಿಕಲ್‌ನಲ್ಲಿ ಸಿಗುವ ಮಾತ್ರೆಗೆ ತಪಾಸಣೆ ಇರ್ತದೆ. ಈ ಗುಳಿಗೆಯಲ್ಲಿ ಎಂತ ಉಂಟು, ಎಷ್ಟು ಉಂಟು ಅಂತ ನೋಡುವವರು ಯಾರು?"

"ಸರಿ, ಮುಗೀತಲ್ಲ," ಎಂದು ಶೀಲಾವತಿ ಮತ್ತೆ ಓಮದ ಮೊರ ಎಳೆದುಕೊಂಡರು.

ಆದರೆ ನಮಿತಾಳ ಮುಖ ಬಾಡಿತ್ತು. ಶ್ರಾವ್ಯಾ ಅದನ್ನು ಗಮನಿಸಿದಳು. "ಅತ್ತಿಗೆ, ಶಕ್ತಿಗಾ, ಹಾಲಿಗಾ? ನಿಮಗೆ ಅದು ಯಾವುದಕ್ಕೆ ಬೇಕಿತ್ತು?"

"ಮನಸ್ಸಿಗೆ," ಎಂದಳು ನಮಿತಾ. "ದೊಡ್ಡವ ಸೃಜನ್ ಹುಟ್ಟಿದಾಗ ಅವನು ಅತ್ತರೂ ನನಗೆ ಏನೂ ಅನಿಸ್ತಿರಲಿಲ್ಲ. ನಿದ್ದೆ ಇಲ್ಲ, ಊಟ ಇಳಿಯುವುದಿಲ್ಲ. ನಾನು ಇಲ್ಲದಿದ್ರೆ ನಿಮಗೆಲ್ಲ ಆರಾಮ ಅಂತ ದಿನಾ ಅನಿಸ್ತಿತ್ತು. ಯಾರಿಗೂ ಹೇಳಲಿಲ್ಲ. ಅದು ಮತ್ತೆ ಬಂದ್ರೆ ಅಂತ ಹೆದರಿಕೆ ಅತ್ತೆ."

ಶೀಲಾವತಿ ಸೊಸೆಯ ಕೈ ಹಿಡಿದುಕೊಂಡರು. "ನೀನು ಗೋಡೆ ನೋಡ್ತಾ ಕೂತಿರ್ತಿದ್ದಿ ಮಗ. ನಾನು ದೃಷ್ಟಿ ಅಂತ ಉಪ್ಪು ಮೆಣಸು ನಿವಾಳಿಸಿದೆ. ಇಷ್ಟೆಲ್ಲ ಉಂಟು ಅಂತ ಗೊತ್ತೇ ಆಗಲಿಲ್ಲ."

"ಮಾಲಿಶ್ ಮಾಡುವಾಗ ಬಾಳ ಮಂದಿ ಅಳ್ತಾರ್ರಿ," ಎಂದಳು ಕಸ್ತೂರಿಬಾಯಿ. "ಅಳಬ್ಯಾಡ, ಹಾಲು ಬತ್ತತದ ಅಂತ ಬೈತಿದ್ದೆ. ಅದೂ ಒಂದ್ ಬ್ಯಾನಿ ಏನ್ರಿ?"

"ಹೆರಿಗೆಯಾದ ಮೊದಲ ಕೆಲವು ದಿನ ಅಳು ಬರುವುದು ಸಾಮಾನ್ಯ," ಎಂದಳು ಶ್ರಾವ್ಯಾ. "ಎರಡು ವಾರ ದಾಟಿಯೂ ಬಿಡದಿದ್ರೆ ಅದು ಕಾಯಿಲೆ. ಔಷಧ ಉಂಟು. ಹಾಲು ಕುಡಿಸ್ತಾ ತಗೊಳ್ಳಬಹುದಾದ ಔಷಧವೂ ಉಂಟು. ಬದುಕುವುದೇ ಬೇಡ ಅನಿಸಿದ್ರೆ ಮಾತ್ರ ಒಂದು ದಿನವೂ ಕಾಯಬಾರದು. ನೀವು ಹೆರಿಗೆಗೆ ಮೊದಲೇ ಒಮ್ಮೆ ಡಾಕ್ಟರ್ ಮೇಡಂ ಹತ್ರ ಮಾತಾಡಿ ಅತ್ತಿಗೆ."

ನಮಿತಾಳ ಗಂಡ ಸುಕೇಶ್ ಗ್ರಾಂಟ್ ರೋಡ್‌ನಲ್ಲಿ ಹೋಟೆಲ್ ನಡೆಸುತ್ತಾನೆ. ಸಂಜೆ ಮನೆಗೆ ಬಂದು ವಿಷಯ ಕೇಳಿ ಅವನು ಗಾಬರಿಯಾದ. "ಆದರೂ ಈಗ ಸರಿ ಇದ್ದಾಳಲ್ಲ. ಈಗಲೇ ಡಾಕ್ಟರ್ ಎಂತಕ್ಕೆ?" ಎಂದ.

"ಶುಗರ್ ಇದ್ದವರು ಹೆರಿಗೆಗೆ ಮೊದಲೇ ಹೇಳುವುದಿಲ್ವಾ ಅಣ್ಣ? ಇದೂ ಹಾಗೆಯೇ," ಎಂದಳು ಶ್ರಾವ್ಯಾ.

ಆ ವಾರವೇ ಗಂಡ ಹೆಂಡತಿ ಇಬ್ಬರೂ ದಾದರ್‌ಗೆ ಹೋದರು. ಡಾಕ್ಟರ್ ಮೇಡಂ ಅವಸರ ಮಾಡದೆ ಎಲ್ಲ ಕೇಳಿಸಿಕೊಂಡರು. ಕಬ್ಬಿಣದ ಮಾತ್ರೆ ಬಿಡಬಾರದು, ಹೊಟ್ಟೆ ತುಂಬ ಊಟ ಮಾಡಬೇಕು, ಬಾಣಂತಿಗೆ ನಿದ್ದೆ ಬೇಕು, ಅದಕ್ಕೆ ಮಗುವನ್ನು ಬೇರೆಯವರೂ ಎತ್ತಿಕೊಳ್ಳಬೇಕು ಎಂದರು. ಈ ಕೊನೆಯ ಮಾತನ್ನು ಅವರು ಹೇಳಿದ್ದು ಸುಕೇಶ್‌ನ ಮುಖ ನೋಡಿಕೊಂಡು.

ಅದೇ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. "ಮಾಸು ಹೇಗಿರ್ತದೆ, ಒಮ್ಮೆ ತೋರಿಸ್ತೀಯಾ?" ಎಂದು ನಮಿತಾ ಕೇಳಿದಳು. ಶ್ರಾವ್ಯಾ ತಟ್ಟೆಯಲ್ಲಿ ತಂದು ತೋರಿಸಿದಳು. ದಪ್ಪ ಕೆಂಪು ಮುದ್ದೆ, ಅದರ ಮೇಲೆ ಮರದ ಕೊಂಬೆಗಳಂತೆ ಹರಡಿದ ರಕ್ತನಾಳಗಳು.

"ಇಷ್ಟು ದಿನ ಮಗುವನ್ನು ಸಾಕಿದ್ದು ಇದಾ!" ನಮಿತಾ ಕಣ್ಣರಳಿಸಿ ನೋಡಿದಳು. "ಇದರ ಕೆಲಸ ಮುಗೀತು ಅಲ್ವಾ?"

"ಮುಗೀತು ಅತ್ತಿಗೆ," ಎಂದು ಶ್ರಾವ್ಯಾ ಆಸ್ಪತ್ರೆಯ ನಿಯಮದಂತೆ ಅದನ್ನು ಹಳದಿ ಚೀಲಕ್ಕೆ ಹಾಕಿದಳು.

ಮೊದಲ ವಾರ ಚೆನ್ನಾಗಿಯೇ ಕಳೆಯಿತು. ಆಮೇಲೆ ಮೆಲ್ಲಗೆ ಹಳೆಯ ಮಂಕು ಬಂತು. ಒಂದು ಬೆಳಿಗ್ಗೆ ಕಸ್ತೂರಿಬಾಯಿ ಎಣ್ಣೆ ಹಚ್ಚುತ್ತಿದ್ದಾಗ ನಮಿತಾ ಕರೆದಳು. "ಅತ್ತೆ, ಅದು ಬಂದಿದೆ."

ಶೀಲಾವತಿ ಈ ಸಲ ಉಪ್ಪು ಮೆಣಸು ಹುಡುಕಲಿಲ್ಲ. ಮಗನಿಗೆ ಫೋನ್ ಮಾಡಿದರು. ಸುಕೇಶ್ ಹೋಟೆಲಿನ ಹಣದ ಗಲ್ಲೆಯನ್ನು ಮ್ಯಾನೇಜರನಿಗೆ ಒಪ್ಪಿಸಿ ಮುಂದಿನ ಲೋಕಲ್ ರೈಲು ಹಿಡಿದ. ಅಂದೇ ಡಾಕ್ಟರ್ ನೋಡಿದರು, ಮಾತಾಡಿಸಿದರು, ಔಷಧ ಬರೆದರು. ಮಂತ್ರ ಹಾಕಿದಂತೆ ಏನೂ ಆಗಲಿಲ್ಲ. ನಮಿತಾ ಅತ್ತ ದಿನಗಳಿದ್ದವು, ಮಾತೇ ಆಡದ ದಿನಗಳಿದ್ದವು. ಆದರೆ ಅವಳು ಒಬ್ಬಳೇ ಇರಲಿಲ್ಲ. ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ, ಮಗು ಸೀನಿದ್ದಕ್ಕೆ ಅವಳು ನಕ್ಕಳು. ಅಡುಗೆಮನೆಯಲ್ಲಿದ್ದ ಶೀಲಾವತಿ ಆ ನಗು ಕೇಳಿ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೊಸ ಮದ್ದಿನ ಸುದ್ದಿ ಕೇಳಿದರೆ ಕುತೂಹಲ ಪಡಿ, ಅದರಲ್ಲಿ ತಪ್ಪಿಲ್ಲ. ಆದರೆ ನುಂಗುವ ಮೊದಲು ಡಾಕ್ಟರನ್ನೋ ನರ್ಸನ್ನೋ ಕೇಳಿ. ಮಾಸಿನ ಗುಳಿಗೆಯಿಂದ ಬಾಣಂತಿಗೆ ಗುಣವಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ, ಸೋಂಕಿನ ಭಯ ಇದೆ. ನಿಮ್ಮ ಮನೆಯ ಬಾಣಂತಿ ಮಂಕಾಗಿದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಖರ್ಚಿಲ್ಲ. ಮಗು ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಇವತ್ತೇ ತಾಯಿಯನ್ನೂ ಕೇಳಿ: "ನೀನು ಹೇಗಿದ್ದೀಯಾ?"