ರಾಚವ್ವನ ಅಳತೆ ಮೂವತ್ತೆಂಟು

ರಾಚವ್ವನ ಎದೆಯ ಅಳತೆ ಮೂವತ್ತೆಂಟು, ಸೊಂಟ ಮೂವತ್ತಮೂರು. ಇದು ಎರಡು ಸಾವಿರದ ನಾಲ್ಕನೇ ಇಸವಿಯ ಜೂನ್ ತಿಂಗಳಲ್ಲಿ ತೆಗೆದ ಅಳತೆ. ನನ್ನ ಪುಸ್ತಕದಲ್ಲಿ ಇದೆ, ಯಾರು ಬೇಕಾದರೂ ಬಂದು ನೋಡಬಹುದು. ಅಂಗಡಿ ಬನ್ನಂಜೆಯಲ್ಲಿ, ಬಸ್‌ಸ್ಟಾಪಿನ ಎದುರಿನ ಕಟ್ಟಡದ ಕೆಳಗೆ. ಟೈಲರ್ ಆಂಜೆಲಾ ಎಂದರೆ ಯಾರಾದರೂ ತೋರಿಸುತ್ತಾರೆ.

ಆ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಸ್ವರ್ಣ ಸ್ಲಿಮ್ ಸೆಂಟರ್. ಸ್ವರ್ಣಲತಾ ಮೇಡಂ ಅದರ ಯಜಮಾನಿ. ದಪ್ಪ ಇಳಿಸಲು ಬರುವ ಹೆಂಗಸರಿಗೆ ಅಲ್ಲಿ ಬೆಲ್ಟು, ಆವಿ, ಓಡುವ ಯಂತ್ರ ಎಲ್ಲ ಇದೆ. ರಾಚವ್ವನಿಗೆ ಅಲ್ಲಿ ಗುಡಿಸುವ ಕೆಲಸ.

ಅವಳು ಬಾಗಲಕೋಟೆ ಕಡೆಯವಳು. ಗಂಡ ಶರಣಬಸಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸದವನು. ಇಬ್ಬರು ಮಕ್ಕಳು ಊರಲ್ಲಿ ಅತ್ತೆಯ ಹತ್ತಿರ. ಬೆಳಿಗ್ಗೆ ಐದಕ್ಕೆ ಎದ್ದು ಬೀಡಿನಗುಡ್ಡೆಯ ತಗಡಿನ ಶೆಡ್ಡಿನಿಂದ ಹೊರಟರೆ ಮೊದಲು ಎರಡು ಮನೆಯ ಪಾತ್ರೆ, ಬಟ್ಟೆ. ಒಂಬತ್ತರಿಂದ ರಾತ್ರಿ ಎಂಟರವರೆಗೆ ಸೆಂಟರು. ಅಲ್ಲಿ ಗುಡಿಸಬೇಕು, ಒರೆಸಬೇಕು, ಪರರ ಬೆವರು ಕುಡಿದ ಟವೆಲುಗಳನ್ನು ಒಗೆಯಬೇಕು. ಬುತ್ತಿ ತಂದರೆ ಒಳಗೆ ಬಿಚ್ಚುವ ಹಾಗಿಲ್ಲ.

"ಇಲ್ಲಿಗೆ ಬರುವವರು ಉಪವಾಸ ಕೂತವರು. ಪಲ್ಯದ ಪರಿಮಳ ಬಂದರೆ ಅವರಿಗೆ ಹಸಿವಾಗ್ತದೆ" ಎಂದು ಮೇಡಂ ಮೊದಲ ದಿನವೇ ಹೇಳಿದ್ದರು.

ದುಡ್ಡು ಕೊಟ್ಟು ಉಪವಾಸ ಬೀಳುವವರ ಹಸಿವು ಕೆರಳಬಾರದು ಎಂದು, ದುಡಿಯಲು ಬಂದವಳು ಹನ್ನೊಂದು ಗಂಟೆ ಹಸಿದಿರಬೇಕು. ಹೊರಗೆ ಹೋಗಿ ಉಣ್ಣಲು ಬಿಡುವಿಲ್ಲ. ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಒಂದು ಚಹಾ, ಒಂದು ಬನ್ನು. ಕಟ್ಟಿಕೊಂಡು ಬಂದ ರೊಟ್ಟಿ ಹಾಗೆಯೇ ಮನೆಗೆ ವಾಪಸ್ಸು.

ಯೂನಿಫಾರ್ಮಿಗೆ ಅಳತೆ ಕೊಡಲು ಬಂದ ದಿನ ನಾಚಿ ಸತ್ತಿದ್ದಳು. ಹುಟ್ಟಿದ ಮೇಲೆ ಚೂಡಿದಾರ ಹಾಕಿದವಳಲ್ಲ.

"ಇದ್ರಾಗ ನಾ ಹೊರಗ ಹ್ಯಾಂಗ ಬರ್ಲ್ರಿ ಅಕ್ಕಾರ? ಮೈಯೆಲ್ಲಾ ಕಾಣತೈತಿ."

"ಮೈ ಇದ್ದವರದ್ದು ಕಾಣ್ತದೆ. ಬಿಡು" ಎಂದೆ.

ಅವಳಿಗೆ ನಗು ಬಂತು. "ಹೌದ್ ಬಿಡ್ರಿ. ನನ್ನ ನೋಡಾಕ ಬಂದಾಗ ನಮ್ಮತ್ತಿ ಅಂದಿದ್ಲು. ಮೈಕೈ ತುಂಬಿದಾಕಿ ಅದಾಳ, ಜ್ವಾಳದ ಚೀಲ ಒಬ್ಬಾಕಿನ ಎತ್ತತಾಳ ಅಂತ. ಅದಕ್ಕ ಒಪ್ಪಿದ್ರು."

ನೀಲಿ ಬಣ್ಣದ ಎರಡು ಜೊತೆ ಹೊಲಿದು ಕೊಟ್ಟೆ. ಸೆಪ್ಟೆಂಬರಿನಲ್ಲಿ ಮತ್ತೆ ಬಂದಳು. ಟಾಪು ಸಡಿಲ, ಮೇಡಂ ಬೈಯುತ್ತಾರೆ. ಅಳೆದೆ, ಮೂವತ್ತಾರು. ಬದಿಗೆ ಒಂದೊಂದು ಹೊಲಿಗೆ ಹಾಕಿದೆ. ಡಿಸೆಂಬರಿನಲ್ಲಿ ಮೂವತ್ತನಾಲ್ಕು. ಮತ್ತೊಂದು ಹೊಲಿಗೆ. ಫೆಬ್ರವರಿಯಲ್ಲಿ ಮೂವತ್ತೆರಡು. ಬಟ್ಟೆಯನ್ನು ಕತ್ತರಿಸಲಿಲ್ಲ. ನನಗೆ ಕೆಲಸ ಕಲಿಸಿದ ಕಾಪುವಿನ ಲಿಡ್ವಿನ್ ಬಾಯಿ ಹೇಳುತ್ತಿದ್ದರು, ಹೆಂಗಸಿನ ಬಟ್ಟೆ ಚಿಕ್ಕದು ಮಾಡುವಾಗ ಕತ್ತರಿ ಮುಟ್ಟಬೇಡ, ಒಳಗೆ ಬಟ್ಟೆ ಉಳಿಸು, ಮೈ ಮತ್ತೆ ತುಂಬುತ್ತದೆ ಎಂದು. ಬಟ್ಟೆ ಉಳಿಸಿದೆ. ಆದರೆ ಈ ಮೈ ಯಾಕೆ ಕರಗುತ್ತಿದೆ ಎಂದು ಕೇಳಲಿಲ್ಲ. ಕೇಳದಿದ್ದರೆ ಹೋಗಲಿ, ಮೂರನೆಯ ಸಲ ಕನ್ನಡಿಯ ಮುಂದೆ ಅವಳನ್ನು ನಿಲ್ಲಿಸಿ ಹೇಳಿದೆ:

"ಈಗ ನೋಡು ಮಾರಾಯ್ತಿ, ಎಷ್ಟು ಚಂದ ಆಗಿದ್ದೀ."

ಆ ಮಾತು ನೆನಪಾದರೆ ಈಗಲೂ ನನ್ನ ಬಾಯಿಗೆ ಬಡಿದುಕೊಳ್ಳಬೇಕು ಅನಿಸುತ್ತದೆ.

ಮೇಲಿನವರೂ ಹಾಗೆಯೇ. ಮೋಕ್ಷಾ ಎಂಬ ಹುಡುಗಿ ಮಣಿಪಾಲದಲ್ಲಿ ಓದುತ್ತಿದ್ದಳು, ಬೆಳಿಗ್ಗೆ ಸೆಂಟರಿಗೆ ಬರುತ್ತಿದ್ದಳು. ಒಳ್ಳೆಯ ಹುಡುಗಿ, ದುಂಡು ಮುಖ. ದುಬೈಯ ಹುಡುಗನ ಸಂಬಂಧ ಬಂದಿತ್ತು, ಅವನಿಗೆ ಸ್ಲಿಮ್ ಬೇಕಂತೆ. ಅವಳ ತಾಯಿ ನಿಶ್ಚಿತಾರ್ಥದ ಬ್ಲೌಸಿನ ಬಟ್ಟೆ ತಂದು ಕೊಟ್ಟು, "ಹುಡುಗ ಬರುವುದು ಮುಂದಿನ ವರ್ಷ. ಮೂವತ್ತನಾಲ್ಕಕ್ಕೆ ಹೊಲಿಯಿರಿ, ಅಷ್ಟರೊಳಗೆ ಇಳಿಸ್ತಾಳೆ" ಎಂದರು. ಮೈಗೆ ತಕ್ಕ ಬಟ್ಟೆ ಹೊಲಿಯುವುದು ನನಗೆ ಗೊತ್ತಿತ್ತು, ಬಟ್ಟೆಗೆ ತಕ್ಕ ಮೈ ಮಾಡುವುದನ್ನು ಅಲ್ಲಿ ಕಂಡೆ. ಮೋಕ್ಷಾಳ ನಿಜವಾದ ಅಳತೆ ಎಷ್ಟು ಗೊತ್ತಾ? ಮೂವತ್ತೆಂಟು. ರಾಚವ್ವನದ್ದೇ.

"ನೀನೇ ಪುಣ್ಯವಂತೆ ರಾಚವ್ವಾ" ಎನ್ನುತ್ತಿದ್ದಳು ಮೋಕ್ಷಾ. "ನಾನು ಇಷ್ಟು ಫೀಸ್ ಕೊಟ್ಟು ಒಂದು ಇಂಚು ಇಳಿಯಲಿಲ್ಲ. ನೀನು ಎಂತ ಮಾಡ್ತೀ?"

"ಏನೂ ಇಲ್ರಿ. ಕಸಾ ಹೊಡಿತೀನಿ" ಎನ್ನುತ್ತಿದ್ದಳು ರಾಚವ್ವ.

ಮಾರ್ಚಿನಲ್ಲಿ ಮೇಡಂ ರಾಚವ್ವನ ಒಂದು ಟಾಪು ಹಿಡಿದುಕೊಂಡು ಅಂಗಡಿಗೆ ಬಂದರು.

"ಆಂಜೆಲಾ ಬಾಯಿ, ಇದರ ಹೊಲಿಗೆ ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡಿ. ಒಂದು ಫೋಟೋ ತೆಗೀಲಿಕ್ಕೆ ಉಂಟು."

ಬಿಚ್ಚಿ ಕೊಟ್ಟೆ. ಮೇಡಂ ಅದನ್ನು ಹರಡಿ ನೋಡಿ ಮುಖ ಸಿಂಡರಿಸಿದರು.

"ಇಷ್ಟೇಯಾ? ಇದು ಫೋಟೋದಲ್ಲಿ ಕಾಣುವುದೇ ಇಲ್ಲ. ಎರಡು ಬದಿಗೂ ಪಟ್ಟಿ ಕೊಟ್ಟು ನಲವತ್ತಾರು ಮಾಡಿ."

"ಅವಳು ಯಾವಾಗ ನಲವತ್ತಾರು ಇದ್ದದ್ದು ಮೇಡಂ?"

"ಫೋಟೋಕ್ಕೆ ಯಾರು ಟೇಪು ಹಿಡೀತಾರೆ? ನೀವು ಹೊಲಿಯಿರಿ."

ಈ ಕಟ್ಟಡ ಮೇಡಂ ಗಂಡ ಕರುಣಾಕರ ಅವರದು. ನಾನು ಬಾಡಿಗೆಗೆ ಇರುವವಳು. ಅದೇ ನೀಲಿ ಬಟ್ಟೆಯ ಎರಡು ಅಗಲ ಪಟ್ಟಿ ಕತ್ತರಿಸಿ ಬದಿಗೆ ಸೇರಿಸಿದೆ. ಸುಳ್ಳನ್ನು ಬಾಯಲ್ಲಿ ಹೇಳುವವರು ಬೇರೆ, ನಾನು ಮಿಷಿನಿನಲ್ಲಿ ಹೊಲಿದೆ.

ಫೋಟೋದ ದಿನ ರಾಚವ್ವ ಎಣ್ಣೆ ಹಚ್ಚಿ ತಲೆ ಬಾಚಿ, ಹೊಸ ಬಳೆ ಇಟ್ಟು ಬಂದಿದ್ದಳು. ಫೋಟೋ ತೆಗೆಯುವುದು ಕೆಲಸ ಕಾಯಂ ಮಾಡುವ ಕಾರ್ಡಿಗೆ ಎಂದು ತಿಳಿದಿದ್ದಳು. ಅಷ್ಟು ದೊಡ್ಡ ಟಾಪನ್ನು ಬದಿಗೆ ಎಳೆದು ಹಿಡಿದು ನಗು ಎಂದಾಗ, ಕಾರ್ಡಿಗೆ ಹಾಗೇ ಇರಬೇಕೇನೋ ಎಂದು ನಕ್ಕಳಂತೆ.

ಹದಿನೈದು ದಿನಕ್ಕೆ ಕಟ್ಟಡದ ಗೋಡೆಗೆ ಫ್ಲೆಕ್ಸ್ ಬಂತು. ಎರಡಾಳು ಎತ್ತರದ ರಾಚವ್ವ. 'ಎಂಟೇ ತಿಂಗಳಲ್ಲಿ 46ರಿಂದ 32. ತೆಳ್ಳಗಿನ ಮೈ, ಆರೋಗ್ಯದ ಮೈ.' ಬಸ್ಸಿಗೆ ಕಾಯುವವರೆಲ್ಲ ನೋಡುವವರೇ. ಸೆಂಟರಿಗೆ ಜನ ಜಾಸ್ತಿಯಾದರು, ಮಣಿಪಾಲದಲ್ಲಿ ಇನ್ನೊಂದು ಶಾಖೆ ತೆರೆಯುವ ಮಾತು ಎದ್ದಿತು. ರಾಚವ್ವನಿಗೆ ಸಂಬಳ ಮುನ್ನೂರು ಹೆಚ್ಚಾಯಿತು. ಬಂದವರು ನೋಡಲಿ ಎಂದು ಬಾಗಿಲ ಹತ್ತಿರ ನಿಲ್ಲಿಸಿದರು. ಸೋಮವಾರ ಸೋಮವಾರ ಟೇಪಿನ ಅಳತೆಗೆ ನಿಲ್ಲಬೇಕು. ಮೂವತ್ತೆರಡು ದಾಟಿದರೆ ಕೆಲಸವಿಲ್ಲ ಎಂದು ಮೇಡಂ ಮೊದಲೇ ಹೇಳಿಬಿಟ್ಟರು. ಆ ಹೆದರಿಕೆಗೆ ಅವಳು ರಾತ್ರಿಯ ರೊಟ್ಟಿಯಲ್ಲೂ ಅರ್ಧ ಬಿಟ್ಟಳು.

ಕೆಮ್ಮು ಆಗಲೇ ಇತ್ತು. "ಎ.ಸಿ. ಗಾಳಿಗೆ. ಬಿಸಿನೀರು ಕುಡಿ" ಎಂದಿದ್ದರು ಮೇಡಂ. ಸಂಜೆಯಾದರೆ ಜ್ವರ. ರಜೆ ಕೇಳಿದರೆ ಅರ್ಧ ದಿನದ ಸಂಬಳ ಕಟ್.

ಜೂನಿನ ಒಂದು ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಬನ್ನು ತಿನ್ನುತ್ತಿದ್ದಳು. ಕೆಮ್ಮು ಬಂತು. ಕೈಗೆ ಸಿಕ್ಕಿದ ಬಿಳಿ ಲೈನಿಂಗ್ ಬಟ್ಟೆಯನ್ನು ಬಾಯಿಗೆ ಹಿಡಿದಳು. ತೆಗೆದಾಗ ಅದರಲ್ಲಿ ರಕ್ತ. ಅವಳು ಮೊದಲು ಹೇಳಿದ್ದು, "ನಿಮ್ಮ ಬಟ್ಟಿ ಹೊಲಸಾತಲ್ರಿ ಅಕ್ಕಾರ" ಎಂದು.

ಅಂಗಡಿ ಮುಚ್ಚಿದೆ. ರಿಕ್ಷಾ ಹಿಡಿದು ಅಜ್ಜರಕಾಡಿನ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫ ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆದರು. ಎರಡು ದಿನ ಬಿಟ್ಟು ಡಾಕ್ಟರು ಹೇಳಿದರು, ಟೀಬಿ. ತೂಕ ಮೂವತ್ತೇಳು ಕೆಜಿ.

"ಯಾವಾಗಿನಿಂದ ಸಪೂರ ಆದದ್ದು?" ಎಂದು ಕೇಳಿದರು.

ರಾಚವ್ವನಿಗೆ ಗೊತ್ತಿಲ್ಲ. ನಾನು ಚೀಲದಿಂದ ಅಳತೆ ಪುಸ್ತಕ ತೆಗೆದು ಮುಂದಿಟ್ಟೆ. ಜೂನ್ ಮೂವತ್ತೆಂಟು, ಸೆಪ್ಟೆಂಬರ್ ಮೂವತ್ತಾರು, ಡಿಸೆಂಬರ್ ಮೂವತ್ತನಾಲ್ಕು, ಫೆಬ್ರವರಿ ಮೂವತ್ತೆರಡು. ಡಾಕ್ಟರು ಸಣ್ಣ ಪ್ರಾಯದವರು. ಒಮ್ಮೆ ಪುಸ್ತಕ, ಒಮ್ಮೆ ನನ್ನನ್ನು ನೋಡಿದರು.

"ಇಷ್ಟು ನೋಡಿಯೂ ಯಾರಿಗೂ ಏನೂ ಅನಿಸಲಿಲ್ವಾ ಬಾಯಿ?"

ಅನಿಸಿತ್ತು ಡಾಕ್ಟರೇ, ಚಂದ ಆಗಿದ್ದಾಳೆ ಅನಿಸಿತ್ತು. ಮನಸ್ಸಿನಲ್ಲೇ ಅಂದುಕೊಂಡು ಪುಸ್ತಕ ಮುಚ್ಚಿದೆ.

ಮದ್ದು ಪುಕ್ಕಟೆ, ಆರು ತಿಂಗಳು ಬಿಡಬಾರದು, ಚೆನ್ನಾಗಿ ಊಟ ಮಾಡಬೇಕು ಎಂದರು. ನಾನೇ ಮೇಲೆ ಹೋಗಿ ಮೇಡಮಿಗೆ ತಿಳಿಸಿದೆ. ಗುಣವಾಗುವವರೆಗೆ ರಜೆ ಕೊಡಿ, ಆಮೇಲೆ ಕೆಲಸಕ್ಕೆ ಬರುತ್ತಾಳೆ ಎಂದೆ. ಮೇಡಂ ಮೂಗಿಗೆ ಸೆರಗು ಹಿಡಿದರು.

"ಅವಳು ಇನ್ನು ಮೆಟ್ಟಿಲು ಹತ್ತುವುದು ಬೇಡ. ಈ ರೋಗ ಉಂಟು ಅಂತ ಗೊತ್ತಾದರೆ ಇಲ್ಲಿಗೆ ಒಬ್ಬರಾದರೂ ಬರ್ತಾರಾ?"

"ಹಾಗಾದರೆ ಆ ಬೋರ್ಡು ತೆಗೆಯಿರಿ."

"ಬೋರ್ಡಿಗೆ ಎಂತ ಆಗಿದೆ? ಬೋರ್ಡು ಕೆಮ್ಮುವುದಿಲ್ಲ ಅಲ್ವಾ?"

ಅವರು ತಮಾಷೆ ಮಾಡಿದ್ದಲ್ಲ. ವ್ಯವಹಾರದ ಮಾತು ಹೇಳಿದ್ದು. ಹಸಿವು ರಾಚವ್ವನದ್ದು, ರೋಗ ರಾಚವ್ವನದ್ದು, ಆ ರೋಗ ಕೊಟ್ಟ ಮೂವತ್ತೆರಡು ಇಂಚು ಮಾತ್ರ ಅವರದ್ದು. ಕೋಳಿಯನ್ನು ಓಡಿಸಿ ಮೊಟ್ಟೆ ಇಟ್ಟುಕೊಂಡ ಹಾಗೆ.

ಆಸ್ಪತ್ರೆಯವರು ಒಂದು ಡಬ್ಬಕ್ಕೆ ರಾಚವ್ವನ ಹೆಸರು ಬರೆದು ಅದರಲ್ಲಿ ಅವಳ ಮಾತ್ರೆ ಇಟ್ಟರು. ದಿನ ಬಿಟ್ಟು ದಿನ ಹೋಗಿ ಅವರ ಎದುರೇ ನುಂಗಬೇಕು. ಮೊದಲ ಎರಡು ತಿಂಗಳು ವಾಂತಿ, ಸಂಕಟ. ಶರಣಬಸಪ್ಪ ಕೆಲಸಕ್ಕೆ ಹೋಗುವ ಮೊದಲು ಗಂಜಿ ಮಾಡಿಟ್ಟು ಹೋಗುತ್ತಿದ್ದ. ಶೆಡ್ಡಿನ ಹೆಂಗಸರು ತಮ್ಮ ತಮ್ಮ ಒಲೆಯಲ್ಲಿ ಒಂದೊಂದು ರೊಟ್ಟಿ ಹೆಚ್ಚು ಬಡಿದರು. ಶೇಂಗಾ ಹಿಂಡಿ, ಹೆಸರುಕಾಳು, ನನ್ನಿಂದ ದಿನಕ್ಕೆ ಅರ್ಧ ಲೀಟರು ಹಾಲು. ಪಾಪ ತೊಳೆಯಲು ಅಷ್ಟು ಹಾಲು ಸಾಲದು, ಗೊತ್ತು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಟೇಪು ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತಿದ್ದೆ. ಮೂವತ್ತೆರಡೂವರೆ. ಮೂವತ್ತಮೂರು. ಅರ್ಧ ಇಂಚು ಹೆಚ್ಚಾದರೆ ಶೆಡ್ಡಿನ ಹೆಂಗಸರೆಲ್ಲ ನಗುವುದು. ಇಪ್ಪತ್ತೈದು ವರ್ಷದ ಹೊಲಿಗೆಯಲ್ಲಿ, ಅಳತೆ ಹೆಚ್ಚಾಯಿತೆಂದು ಹೆಂಗಸರು ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಅಲ್ಲೇ.

ಜನವರಿಯಲ್ಲಿ ಡಾಕ್ಟರು ಗುಣವಾಯಿತು ಎಂದರು. ಅವಳು ಸೀದಾ ಅಂಗಡಿಗೆ ಬಂದಳು.

"ಅಕ್ಕಾರ, ಫೋಟೋದಾಗಿನ ಆ ಟಾಪು ನಿಮ್ಮ ಹತ್ರನ ಐತೇನ್ರಿ?"

ಇತ್ತು. ಫೋಟೋ ಆದ ಮೇಲೆ ಮತ್ತೆ ಚಿಕ್ಕದು ಮಾಡಲು ಮೇಡಂ ಕಳಿಸಿದ್ದರು. ನನಗೆ ಕೈ ಬಾರದೆ ಹಾಗೇ ಮಡಚಿಟ್ಟಿದ್ದೆ, ಮೇಡಮೂ ಕೇಳಲಿಲ್ಲ. ಎರಡು ಪಟ್ಟಿಗಳನ್ನೂ ಬಿಚ್ಚಿ ತೆಗೆದು, ಬದಿಯನ್ನು ಹಳೆಯ ಗೆರೆಯಲ್ಲೇ ಕೂಡಿಸಿದೆ. ಹಾಕಿಕೊಂಡಳು. ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಳೆದೆ, ಮೂವತ್ತೆಂಟು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅದನ್ನೇ ಹಾಕಿಕೊಂಡು ಬಂದು ಬೋರ್ಡಿನ ಕೆಳಗೆ ನಿಂತಳು. ಮೇಲೆ ಎಲುಬಿನ ರಾಚವ್ವ, ಕೆಳಗೆ ಕೆನ್ನೆ ತುಂಬಿದ ರಾಚವ್ವ. ಬಸ್‌ಸ್ಟಾಪಿನ ಜನ ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದರು. ಸೆಂಟರಿಗೆ ಬಂದ ಮೋಕ್ಷಾ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ಕಣ್ಣ ಕೆಳಗೆ ಕಪ್ಪು, ಮುಖ ಬಾಡಿತ್ತು.

"ರಾಚವ್ವಾ, ನೀನು ಮತ್ತೆ ದಪ್ಪ ಆದೆಯಾ?"

"ದಪ್ಪ ಅಲ್ರಿ ಅಕ್ಕಾ, ಆರಾಮ ಆಗೀನಿ. ಅಲ್ನೋಡ್ರಿ, ಮ್ಯಾಲ ನಗಾಕತ್ತಾಳಲ್ಲ, ಆಕಿಗೆ ಟೀಬಿ ಆಗಿತ್ತು. ಉಣ್ಣಾಕ ಬಿಡ್ತಿರಲಿಲ್ಲ. ರಕ್ತ ಕಾರಿ ಸಣ್ಣ ಆಗಿದ್ಲು."

ಬಸ್ಸಿಗೆ ಕಾಯುವವರು ಹತ್ತಿರ ಬಂದರು. ನಾನು ಅಂಗಡಿಯಿಂದ ಆ ಎರಡು ನೀಲಿ ಪಟ್ಟಿಗಳನ್ನು ತಂದು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ನಲವತ್ತಾರು ಅಂತ ಬರೆದದ್ದು ಉಂಟಲ್ಲ, ಅದು ಇದು. ನಾನೇ ಹೊಲಿದದ್ದು. ಇವಳು ಯಾವತ್ತೂ ನಲವತ್ತಾರು ಇರಲಿಲ್ಲ."

ಯಾರೋ ಮೇಲೆ ಸುದ್ದಿ ಮುಟ್ಟಿಸಿದರು. ಮೇಡಂ ದಡದಡ ಇಳಿದು ಬಂದರು. ಜನರನ್ನು ಕಂಡು ಸ್ವರ ತಗ್ಗಿಸಿದರು.

"ಇದೆಂತ ನಾಟಕ ರಾಚವ್ವಾ? ಆ ಯೂನಿಫಾರ್ಮು ಸೆಂಟರಿನದ್ದು. ನಿನಗೆ ಹಾಕಲಿಕ್ಕೆ ಅಧಿಕಾರ ಇಲ್ಲ. ಬಿಚ್ಚಿ ಕೊಟ್ಟು ಹೋಗು."

ರಾಚವ್ವ ಸ್ವರ ತಗ್ಗಿಸಲಿಲ್ಲ.

"ಕೊಡ್ತೀನ್ರಿ ಮೇಡಮ್ಮಾರ. ಬಟ್ಟಿ ನಿಮ್ಮದು, ನಿಮಗ ಕೊಡ್ತೀನಿ. ಗ್ವಾಡಿ ಮ್ಯಾಲ ನೇತಹಾಕೀರಲ್ಲ, ಆ ಮೈ ನಂದು. ಮದಲ ಅದನ್ನ ಇಳಿಸಿ ಕೊಡ್ರಿ."

ಮೇಡಂ ನನ್ನ ಕಡೆ ತಿರುಗಿದರು. "ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಬಾಯಿ" ಎಂದು ಹೇಳಿ ಮೇಲೆ ಹೋದರು. ಅವರ ಹಿಂದೆ ಮೋಕ್ಷಾ ಹೋಗಲಿಲ್ಲ. ನನ್ನ ಅಂಗಡಿಯ ಒಳಗೆ ಬಂದಳು.

"ಆಂಟಿ, ನನ್ನ ಬ್ಲೌಸಿನ ಒಳಗೆ ಬಟ್ಟೆ ಬಿಟ್ಟಿದ್ದೀರಾ?"

"ಬಿಟ್ಟಿದ್ದೇನೆ. ನಿನ್ನ ಅಳತೆಗೆ ಬೇಕಾದಷ್ಟು ಉಂಟು."

"ಬಿಚ್ಚಿ. ಅಮ್ಮನಿಗೆ ನಾನು ಹೇಳ್ತೇನೆ." ಸ್ಟೂಲಿನಲ್ಲಿ ಕೂತು ಕೇಳಿದಳು, "ತಿನ್ನಲಿಕ್ಕೆ ಎಂತಾದರೂ ಉಂಟಾ?"

ರಾಚವ್ವ ತನ್ನ ಬುತ್ತಿ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಾಗಿಲು ತೆರೆದೇ ಇತ್ತು, ಪರಿಮಳ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಯಿತು. ಹೋಗಲಿ ಎಂದು ನಾವು ಮೂವರೂ ಕೂತು ತಿಂದೆವು.

ಬೋರ್ಡು ಇನ್ನೂ ಗೋಡೆಯ ಮೇಲಿದೆ. ನಾನು ಅಂಗಡಿ ಖಾಲಿ ಮಾಡಿಲ್ಲ, ಮಾಡುವುದೂ ಇಲ್ಲ. ರಾಚವ್ವ ಈಗ ಶರಣಬಸಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ರಜೆಯ ದಿನ ಒಂಬತ್ತೂವರೆಗೆ ಆ ನೀಲಿ ಟಾಪು ಹಾಕಿಕೊಂಡು ಬೋರ್ಡಿನ ಕೆಳಗೆ ಬಂದು ನಿಲ್ಲುತ್ತಾಳೆ. ಕಳೆದ ವಾರ ಶೆಡ್ಡಿನ ಆರು ಹೆಂಗಸರು ಜೊತೆಗೆ ಬಂದಿದ್ದರು. ನಾನೂ ನಿಲ್ಲುತ್ತೇನೆ, ಕೈಯಲ್ಲಿ ಟೇಪು ಇರುತ್ತದೆ. ನಂಬಿಕೆ ಬಾರದವರು ಅಳೆದು ನೋಡಲಿ.