ಅಕ್ಕನ ಕೈಯ ಮೇಲಿನ ದೂರು

ಅಗ್ನಿಶಾಮಕ ದಳದವರ ಅಂಗಿಯ ತೋಳಿಗೆ ಬೇಕಾಗಿದ್ದ ಮುನ್ನೂರು ಲಾಂಛನಗಳಲ್ಲಿ ನಾಲ್ಕನೆಯದು ಯಂತ್ರದ ಮೇಲಿದ್ದಾಗ ದಾರ ಮತ್ತೆ ಕಡಿಯಿತು. ಯಂತ್ರದವನು ಚೌಕಟ್ಟಿನಿಂದ ಬಟ್ಟೆ ಬಿಡಿಸಿ ತಿರುವಿ ನೋಡಿದ. ಜ್ವಾಲೆಯ ತುದಿಯ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಗಂಟು ಕಟ್ಟಿತ್ತು. ಬೆಳಗಿನಿಂದ ಅದು ಹನ್ನೊಂದನೆಯ ಗಂಟು. ಆತ ಸೂಜಿ ಬದಲಿಸಿದ್ದ, ದಾರ ಬದಲಿಸಿದ್ದ, ಎಣ್ಣೆ ಬಿಟ್ಟಿದ್ದ. ಇನ್ನು ಬದಲಿಸುವುದಕ್ಕೆ ಉಳಿದಿರುವುದು ತಾನೊಬ್ಬನೇ ಎಂದು ಖಾತರಿಯಾದ ಮೇಲೆ ಬಟ್ಟೆ ಹಿಡಿದು ಕಿಟಕಿಯ ಬಳಿಯ ಮೇಜಿಗೆ ಬಂದ.

“ಅಕ್ಕ, ಸೂಜಿ ಒಂದೇ ತೂತಿಗೆ ಎರಡೆರಡು ಸಲ ಇಳೀತಾ ಇದೆ. ನಾನು ಹೇಳಿ ಇಳಿಸ್ತಿಲ್ಲ. ನಿಮ್ಮ ಚಿತ್ರದಲ್ಲೇ ಹಾಗಿದೆ.”

ಕಸೂತಿಯ ಆ ಕಾರ್ಖಾನೆ ಅಕ್ಕನ ತಮ್ಮನದು. ಅವನಿಗೆ ಅಕ್ಕನಾದ್ದರಿಂದ ಅಲ್ಲಿ ಎಲ್ಲರಿಗೂ ಆಕೆ ಅಕ್ಕ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಹೊಲಿಯಲಾದ ಪ್ರತಿಯೊಂದು ಲಾಂಛನದ ನಕ್ಷೆಯೂ ಆಕೆಯ ಕೈಯದೇ. ಮೊದಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ, ಆಮೇಲೆ ವಿಂಡೋಸಿನ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ. ಪರದೆಯ ಮೇಲೆ ಆಕೆ ಎಲ್ಲಿ ಮೌಸ್ ಒತ್ತುತ್ತಾಳೋ ಅಲ್ಲೊಂದು ಬಿಂದು ಬೀಳುತ್ತದೆ. ಬಿಂದು ಬಿದ್ದಲ್ಲಿ ಯಂತ್ರದ ಸೂಜಿ ಇಳಿಯುತ್ತದೆ. ಒಂದು ಕ್ಲಿಕ್ ಎರಡಾದರೆ ಬಿಂದುವೂ ಎರಡು. ಸೂಜಿ ವಿಧೇಯ ವಿದ್ಯಾರ್ಥಿಯಂತೆ ಎರಡು ಸಲ ಚುಚ್ಚುತ್ತದೆ, ದಾರ ಗಂಟಾಗುತ್ತದೆ, ಕಡಿಯುತ್ತದೆ.

ಸದ್ದು ಕೇಳಿ ಯಜಮಾನನಾದ ತಮ್ಮ ಬಂದ. ಬಟ್ಟೆ ನೋಡಿದ. ಮೌಸನ್ನು ನೋಡಲಿಲ್ಲ, ಕಂಪ್ಯೂಟರನ್ನು ನೋಡಲಿಲ್ಲ. ಅಕ್ಕನ ಕೈಯನ್ನು ನೋಡಿದ.

“ಅಕ್ಕ, ನಿನಗೆ ಐವತ್ತೊಂಬತ್ತು. ಕೈ ನಡುಗೋ ವಯಸ್ಸು. ಅದರಲ್ಲಿ ನಾಚಿಕೆಪಡೋದೇನಿಲ್ಲ.”

“ನಡುಗ್ತಿಲ್ಲ ಕಣೋ.”

“ನಿನಗೆ ಗೊತ್ತಾಗಲ್ಲ. ಮೆಲ್ಲಗೆ ಒತ್ತು. ಮೊಟ್ಟೆ ಮೇಲೆ ಬೆರಳಿಟ್ಟ ಹಾಗೆ ಒತ್ತು.”

ಇಷ್ಟನ್ನು ಆತ ಹೇಳಿದ್ದು ಯಂತ್ರದವನ ಎದುರಿಗೆ, ದಾರದ ತುದಿ ಕತ್ತರಿಸುವ ಇಬ್ಬರು ಹೆಂಗಸರ ಎದುರಿಗೆ. ಗದರಿಸಿದ್ದರೆ ಮರುಮಾತಾಡಬಹುದಿತ್ತು. ಕನಿಕರಕ್ಕೆ ಮರುಮಾತು ಎಲ್ಲಿಂದ ತರುವುದು? ತಪ್ಪು ಯಾರದೆಂದು ವಿಚಾರಿಸುವ ಮೊದಲೇ ಕ್ಷಮಿಸಿಬಿಡುವವನು ದೊಡ್ಡ ಮನಸ್ಸಿನವನೆಂದು ಲೋಕ ಹೊಗಳುತ್ತದೆ. ಆತ ಮಾಡಿದ್ದು, ಎದುರಿನವರಿಂದ ವಿಚಾರಣೆಯ ಹಕ್ಕನ್ನೇ ಕಿತ್ತುಕೊಂಡದ್ದು.

ಅಕ್ಕ ಹೇಳಿದ ಮಾತು ಕೇಳುವವಳು. ಮರುದಿನದಿಂದ ಮೊಟ್ಟೆ ಮೇಲೆ ಬೆರಳಿಟ್ಟಂತೆಯೇ ಒತ್ತಿದಳು. ಲಾಂಛನದಲ್ಲಿನ ಹೆಲ್ಮೆಟ್ಟಿನ ಅಂಚನ್ನು ಹೊಸದಾಗಿ ಬರೆಯಲು ಅರ್ಧ ಗಂಟೆ ಹಿಡಿಯಿತು. ಗಂಟುಗಳು ಆ ದಿನ ಹತ್ತೊಂಬತ್ತಾದವು. ಆಕೆ ಇನ್ನೂ ಮೆಲ್ಲಗೆ ಒತ್ತಿದಳು. ಅದರ ಮರುದಿನ ಇಪ್ಪತ್ತೇಳಾದವು. ಆಕೆ ಎಚ್ಚರ ಹೆಚ್ಚಿಸಿದಷ್ಟೂ ಆಕೆಯ ವಿರುದ್ಧ ಸಾಕ್ಷ್ಯ ಹೆಚ್ಚಿತು.

ಗುರುವಾರ ಸಂಜೆ ಯಜಮಾನ ತೀರ್ಪು ಕೊಟ್ಟ. ಸೋಮವಾರದಿಂದ ಹೊರಗಿನ ನಕ್ಷೆಗಾರನೊಬ್ಬ ಬಂದು ಕಿಟಕಿಯ ಮೇಜಿನಲ್ಲಿ ಕೂರುತ್ತಾನೆ. ಅಕ್ಕ ದಾರ ಕತ್ತರಿಸುವ ಮೇಜಿಗೆ ಹೋಗುತ್ತಾಳೆ. “ಹಗುರದ ಕೆಲಸ ಅಕ್ಕ, ಮಾತಾಡ್ಕೊಂಡು ಮಾಡಬಹುದು,” ಎಂದ. ಅಕ್ಕ ಆಗಲಿ ಎಂದಳು.

ಮನೆಯಲ್ಲಿ ಈ ಸುದ್ದಿ ಕೇಳಿ ಸಿಟ್ಟಾದವಳು ಅಕ್ಕನ ಸೊಸೆ. ಆಕೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದು ನುಸುಳದ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಸಣ್ಣ ಸ್ವರ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎನ್ನುವುದು ಆಕೆಯ ದಿನದ ಕೆಲಸ. ಗಮನ ಕೊಡುವುದಿಲ್ಲ, ಮೊಂಡ, ಸೊಕ್ಕು ಎಂದು ವರ್ಷಗಟ್ಟಲೆ ಬೈಸಿಕೊಂಡವರು ಆ ಕೋಣೆಗೆ ಬರುತ್ತಾರೆ; ಬೈದವರಲ್ಲಿ ಒಬ್ಬರೂ ಮೊದಲೇ ಕಿವಿ ಪರೀಕ್ಷಿಸಿ ನೋಡಿರುವುದಿಲ್ಲ. ಈ ಅನ್ಯಾಯ ಆಕೆಗೆ ಹಳೆಯ ಪರಿಚಯ.

“ಅತ್ತೆ, ನಿಮ್ಮ ಕೈ ನಡುಗುತ್ತಾ?”

ಅಕ್ಕ ಆಗ ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದಳು. “ನಡುಗುತ್ತಂತೆ,” ಎಂದು ಹೇಳಿ ದಾರವನ್ನು ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ಪೋಣಿಸಿದಳು.

“ಯಾರು ಹೇಳಿದ್ದು?”

“ನನ್ನ ತಮ್ಮ, ನಿನ್ನ ಮಾವ.”

“ಮಾವ ಕೈ ಡಾಕ್ಟರಾ?”

“ಬಿಡೇ. ಅವನ ಕಾರ್ಖಾನೆ, ಅವನ ಕುರ್ಚಿ.”

“ಕೈ ನಿಮ್ಮದು ತಾನೆ? ಶನಿವಾರ ನನಗೆ ಅರ್ಧ ದಿನ. ಬರ್ತೀನಿ.”

ಶನಿವಾರ ಮಧ್ಯಾಹ್ನ ಆಕೆ ಬಂದಾಗ ಯಂತ್ರ ನಿಂತಿತ್ತು, ಕೆಲಸದವರು ಕೂತಿದ್ದರು. ಯಂತ್ರದವನು ಕುರ್ಚಿ ಎಳೆದು ಕೊಟ್ಟ. “ಬನ್ನಿ ಡಾಕ್ಟ್ರಮ್ಮ. ಮೌಸಿಗೆ ಕಿವುಡೋ ಏನೋ, ನೋಡಿ.”

“ಒಂದು ಸಲ ಹೇಳಿದ್ದು ಎರಡು ಸಲ ಕೇಳಿಸ್ತಾ ಇದೆಯಲ್ಲ ಅಣ್ಣ, ಕಿವುಡಲ್ಲ. ಬೇರೆ ಏನೋ ಕಾಯಿಲೆ.”

ಯಜಮಾನ ನಕ್ಕ. “ನೋಡಮ್ಮ, ನೋಡು. ನನಗೇನು ಅಕ್ಕನ್ನ ಎಬ್ಬಿಸೋ ಆಸೆಯಾ? ಬುಧವಾರದೊಳಗೆ ಮುನ್ನೂರು ಹೋಗಬೇಕು.”

“ಮಾವ, ಮೌಸ್ ಕೆಟ್ಟಿದ್ರೆ ಅತ್ತೆ ಇದೇ ಕುರ್ಚೀಲಿ ಇರ್ತಾರೆ ತಾನೆ?”

“ಇರ್ತಾಳೆ. ಆದರೆ ನನಗೆ ಕಾಣೋ ಹಾಗೆ ತೋರಿಸಬೇಕು.”

ಕಂಪ್ಯೂಟರ್ ವಿಷಯದಲ್ಲಿ ಆಕೆ ಪಂಡಿತೆಯಲ್ಲ. ಹಿಂದಿನ ರಾತ್ರಿ ಓದಿ ನಾಲ್ಕು ಸಾಲು ಬರೆದುಕೊಂಡು ಬಂದಿದ್ದಳು, ಅಷ್ಟೆ. ಆದರೆ ಒಂದು ಸಲಕ್ಕೆ ಒಂದೇ ಕಿವಿ ಪರೀಕ್ಷಿಸಬೇಕು, ಇನ್ನೊಂದನ್ನು ಮುಚ್ಚಿರಬೇಕು ಎಂಬ ಶಿಸ್ತು ಆಕೆಯ ರಕ್ತದಲ್ಲಿತ್ತು. ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದೆ ಬೀಗುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಆಕೆಗೆ ಇರಲಿಲ್ಲ.

ಮೊದಲು ಮೌಸಿನ ಬ್ಯಾಟರಿ ಬದಲಿಸಿದಳು, ಬೇರೇನನ್ನೂ ಮುಟ್ಟಲಿಲ್ಲ. ಅಕ್ಕ ಇಪ್ಪತ್ತು ಸಲ ಒತ್ತಿದಳು. ಪರದೆಯ ಮೇಲೆ ಮೂವತ್ತೊಂದು ಬಿಂದು ಬಿದ್ದವು. ವೈರಿಲ್ಲದ ಮೌಸಿನ ಮಾತು ಕೇಳಿಸಿಕೊಳ್ಳುವ ಉಗುರಿನಷ್ಟು ರಿಸೀವರ್ ಕಂಪ್ಯೂಟರಿನ ಬೆನ್ನಿಗೆ, ಕಬ್ಬಿಣದ ಕಪಾಟಿನ ಮರೆಗೆ ಚುಚ್ಚಿತ್ತು. ಅದನ್ನು ಉದ್ದನೆಯ ಯುಎಸ್‌ಬಿ ತಂತಿಯಿಂದ ಮೇಜಿನ ಮೇಲಕ್ಕೆ ತಂದಳು. ಇಪ್ಪತ್ತಕ್ಕೆ ಮೂವತ್ತು.

“ನಾನು ಹೇಳಲಾ?” ಎಂದ ಯಜಮಾನ. “ಕಂಪ್ಯೂಟರ್ ಅಂಗಡಿಯವನನ್ನ ಫೋನಲ್ಲಿ ಕೇಳಿದೆ. ಪುಕ್ಕಟೆ ಸಿಗೋ ಲಿನಕ್ಸ್ ಹಾಕ್ಕೊಂಡ್ರೆ ಇನ್ನೇನಾಗುತ್ತೆ ಅಂದ.”

ಬೆಲೆಯಿಲ್ಲದ್ದಕ್ಕೆ ಬೆಲೆ ಕೊಡಬಾರದೆಂಬುದು ಅಂಗಡಿಯವನ ಧರ್ಮ. ಅದನ್ನು ಯಜಮಾನ ಎರವಲು ಪಡೆದಿದ್ದ. ಎಂಟು ವರ್ಷ ಒಂದು ದಿನವೂ ರಜೆ ಕೇಳದೆ ದುಡಿದ ಲಿನಕ್ಸನ್ನು ಒಂದು ಫೋನ್ ಕರೆಯಲ್ಲಿ ಕಳ್ಳನೆಂದದ್ದು ಸೊಸೆಗೆ ಸಹಿಸಲಾಗಲಿಲ್ಲ.

“ಮಾವ, ನಿಮ್ಮ ಕೋಣೆಯ ಕಂಪ್ಯೂಟರ್ ದುಡ್ಡು ಕೊಟ್ಟಿದ್ದು ತಾನೆ? ಅದಕ್ಕೆ ಹಾಕಿ ನೋಡೋಣ.”

ಹಾಕಿದರು. ದುಡ್ಡು ಕೊಟ್ಟ ಕಂಪ್ಯೂಟರಿನಲ್ಲಿ ಇಪ್ಪತ್ತಕ್ಕೆ ಮೂವತ್ತೆರಡು. ಲಿನಕ್ಸ್ ದೋಷಮುಕ್ತವಾಯಿತು.

“ನೋಡಿದ್ಯಾ,” ಎಂದ ಯಜಮಾನ. “ಎರಡು ಕಂಪ್ಯೂಟರಲ್ಲೂ ಅದೇ ಕಥೆ. ಎರಡಕ್ಕೂ ಅದೇ ಕೈ.”

“ಅದೇ ಮೌಸು ಕೂಡ, ಮಾವ.”

ಕಪಾಟಿನ ತಳದಲ್ಲಿ ಬಾಲವಿರುವ ಹಳೆಯ ಮೌಸೊಂದು ಸಿಕ್ಕಿತು. ಯಂತ್ರದವನು ಧೂಳೊರೆಸಿ ಕೊಟ್ಟ. ಅಕ್ಕ ಅದನ್ನು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ನೂರು ಸಲ ಒತ್ತಿದಳು. ಬಿಂದುಗಳು ನೂರು. ಕತ್ತರಿ ಮೇಜಿನ ಹೆಂಗಸರು ಮುಖ ಮುಖ ನೋಡಿಕೊಂಡರು.

“ನಾವೆಲ್ಲ ನೋಡ್ತಾ ಇದ್ದೀವಿ ಅಂತ ಗಟ್ಟಿಯಾಗಿ ಒತ್ತಿದಾಳೆ,” ಎಂದ ಯಜಮಾನ. ಆದರೆ ಧ್ವನಿಯಲ್ಲಿ ಮೊದಲಿನ ಭರವಸೆ ಇರಲಿಲ್ಲ. ಒಮ್ಮೆ ಹತ್ತು ಜನರ ಮುಂದೆ ಆಡಿದ ಮಾತಿನಿಂದ ಇಳಿದು ಬರುವುದು ಎಷ್ಟು ಕಷ್ಟ ಎಂಬುದು ಆಡಿದವನಿಗೇ ಗೊತ್ತು. ಅದರ ಬೆಲೆಯನ್ನು ಮಾತ್ರ ಬೇರೆಯವರು ತೆರುತ್ತಿರುತ್ತಾರೆ.

ಸೊಸೆ ವಾದಿಸಲಿಲ್ಲ. ಬರೆದುಕೊಂಡು ಬಂದಿದ್ದ ಕೊನೆಯ ಸಾಲನ್ನು ನೋಡಿ ಪರದೆಯ ಮೇಲೆ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದಳು. ಒಂದು ಆಜ್ಞೆ ಬರೆದಳು. ಲಿನಕ್ಸಿನಲ್ಲಿ ಇದೊಂದು ಪ್ರಾಮಾಣಿಕ ಸೌಕರ್ಯ: ಮೌಸ್ ಏನು ಹೇಳಿತೋ ಅದನ್ನು ಸಾಲು ಸಾಲಾಗಿ, ಒತ್ತಿದ್ದು ಯಾವಾಗ ಬಿಟ್ಟದ್ದು ಯಾವಾಗ ಎಂಬ ಸಮಯದ ಸಹಿತ, ಯಾರ ಮುಖವನ್ನೂ ನೋಡದೆ ಬರೆದಿಡುತ್ತದೆ.

“ಅತ್ತೆ, ವೈರಿಲ್ಲದ್ದು ತಗೊಳ್ಳಿ. ಒಂದು ಸಲ ಒತ್ತಿ. ಮೆಲ್ಲಗೆ, ಮಾವ ಹೇಳಿದ ಹಾಗೆ.”

ಅಕ್ಕ ಒತ್ತಿದಳು. ಪರದೆಯ ಮೇಲೆ ಒತ್ತು, ಬಿಡು, ಒತ್ತು, ಬಿಡು ಎಂದು ನಾಲ್ಕು ಸಾಲು ಮೂಡಿದವು.

“ಮೊದಲನೇ ಒತ್ತಿಗೂ ಎರಡನೇ ಒತ್ತಿಗೂ ನಡುವೆ ಎಷ್ಟು ಹೊತ್ತು ಅಂತ ಇಲ್ಲಿದೆ. ಸೆಕೆಂಡನ್ನ ಸಾವಿರ ತುಂಡು ಮಾಡಿ, ಅದರಲ್ಲಿ ಮೂವತ್ತೆಂಟು ತುಂಡು. ಈಗ ಹಳೇ ಮೌಸ್ ಹಿಡೀರಿ. ಬೇಕಂತಲೇ ಎರಡು ಸಲ ಒತ್ತಿ, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ.”

ಅಕ್ಕ ತುಟಿ ಕಚ್ಚಿ ಒತ್ತಿದಳು. ನೂರ ಎಂಬತ್ತೊಂದು.

“ಇನ್ನೂ ಬೇಗ.”

“ನನ್ನ ಬೆರಳೇನು ಯಂತ್ರವೇನೇ?” ನೂರ ಅರವತ್ತೇಳು.

“ಸರೀರಿ ಅಕ್ಕ,” ಎಂದು ಯಂತ್ರದವನು ತೋಳೇರಿಸಿಕೊಂಡು ಬಂದ. ಚಿಕ್ಕಂದಿನಲ್ಲಿ ತಬಲ ಕಲಿತವನೆಂದು ಆತ ಆಗಾಗ ಹೇಳಿಕೊಳ್ಳುತ್ತಿದ್ದ. ಆತನದು ನೂರ ಇಪ್ಪತ್ತೊಂಬತ್ತು. ಮತ್ತೊಮ್ಮೆ ಒತ್ತಿದ; ನೂರ ಮೂವತ್ನಾಲ್ಕು.

“ತಬಲ ಇಷ್ಟೇನಾ?” ಎಂದಳು ಕತ್ತರಿಯ ಹೆಂಗಸರಲ್ಲಿ ಒಬ್ಬಳು.

“ನೀನು ಬಾ, ನೋಡೋಣ.”

ಆಕೆ ಬಂದಳು. ನೂರ ಐವತ್ತು. ಇನ್ನೊಬ್ಬಳದು ನೂರ ನಲವತ್ತೆರಡು, ಅದಕ್ಕೆ ಅರ್ಧ ದಿನ ಬೀಗಿದಳು. ನೂರರ ಕೆಳಗೆ ಯಾರೂ ಇಳಿಯಲಿಲ್ಲ.

“ಮಾವ, ಇಲ್ಲಿ ಎಲ್ಲರಿಗಿಂತ ಚುರುಕಾದ ಬೆರಳಿಗೆ ನೂರ ಇಪ್ಪತ್ತೊಂಬತ್ತು ಬೇಕು,” ಎಂದಳು ಸೊಸೆ. “ಮೂವತ್ತೆಂಟರಲ್ಲಿ ಎರಡು ಸಲ ಒತ್ತೋ ಕೈ ನಡುಗೋ ಕೈಯಲ್ಲ, ಮನುಷ್ಯರ ಕೈಯೇ ಅಲ್ಲ. ನಾನು ಹತ್ತು ವರ್ಷದಿಂದ ಗುಂಡಿ ಒತ್ತೋ ಬೆರಳುಗಳನ್ನೇ ನೋಡ್ತಾ ಇದ್ದೀನಿ. ನಡುಗೋರೂ ಬರ್ತಾರೆ. ಅವರು ಕೂಡ ಹೀಗೆ ಒತ್ತೋಕೆ ಆಗಲ್ಲ.”

ಯಜಮಾನ ಪರದೆಯ ಹತ್ತಿರ ಬಗ್ಗಿ ಸಾಲುಗಳನ್ನು ಓದಿದ. ಆಮೇಲೆ ತಾನೇ ಕುರ್ಚಿ ಎಳೆದು ಕೂತು ವೈರಿಲ್ಲದ ಮೌಸ್ ಹಿಡಿದ. ಇದನ್ನು ಆತನ ಲೆಕ್ಕಕ್ಕೆ ಒಳ್ಳೆಯದೆಂದೇ ಬರೆಯಬೇಕು. ಎಷ್ಟೋ ಜನ ಇಷ್ಟು ಹೊತ್ತಿಗೆ ಫೋನ್ ಬಂತೆಂದು ಎದ್ದು ಹೋಗುತ್ತಾರೆ. ಆತ ಗಟ್ಟಿಯಾಗಿ ಹತ್ತು ಸಲ ಒತ್ತಿದ: ಒಂದು ಸಲ ಮಾತ್ರ ಎರಡಾಯಿತು. ಆಮೇಲೆ ಮೊಟ್ಟೆ ಮೇಲೆ ಬೆರಳಿಟ್ಟಂತೆ ಹತ್ತು ಸಲ ಒತ್ತಿದ: ಏಳು ಸಲ ಎರಡಾಯಿತು.

ಆತ ಮೌಸಿನಿಂದ ಕೈ ತೆಗೆದು ತನ್ನ ಬೆರಳನ್ನೇ ನೋಡಿಕೊಂಡ.

“ಮಾವ,” ಎಂದಳು ಸೊಸೆ, “ನಿಮಗೂ ವಯಸ್ಸಾಯ್ತಾ?”

ಯಂತ್ರದವನು ನಗು ತಡೆಯಲಾರದೆ ಯಂತ್ರದ ಕಡೆ ತಿರುಗಿ ಇಲ್ಲದ ಎಣ್ಣೆ ಒರೆಸಿದ.

ಆತನೇ ಆಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ಮೌಸ್ ಬಿಚ್ಚಿದ. ಎಡಗುಂಡಿಯ ಕೆಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಸ್ವಿಚ್ಚು. ಅದರೊಳಗೆ ತಾಮ್ರದ ಒಂದು ತೆಳು ಪಟ್ಟಿ. ಲಕ್ಷಗಟ್ಟಲೆ ಸಲ ಬಾಗಿ ಅದು ಸವೆದಿತ್ತು, ತುದಿ ಕಪ್ಪಾಗಿತ್ತು. ಗಟ್ಟಿಯಾಗಿ ಒತ್ತಿದರೆ ಒಂದೇ ಪೆಟ್ಟಿಗೆ ಅಂಟಿಕೊಳ್ಳುತ್ತದೆ; ಮೆಲ್ಲಗೆ ಒತ್ತಿದರೆ ತಾಗಿ, ಪುಟಿದು, ಮತ್ತೆ ತಾಗುತ್ತದೆ. ಹಾಗಾಗಿ ಯಜಮಾನ ಕೊಟ್ಟ ಉಪದೇಶವೇ ಗಂಟುಗಳನ್ನು ಹನ್ನೊಂದರಿಂದ ಇಪ್ಪತ್ತೇಳಕ್ಕೆ ಏರಿಸಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದವಳೇ ಅಪರಾಧಿಯಾಗಿದ್ದಳು. ಶಾಲೆಯಲ್ಲಿ ತಪ್ಪು ಲೆಕ್ಕ ಹೇಳಿಕೊಟ್ಟು, ಹಾಗೆಯೇ ಮಾಡಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟರುಗಳಿರುತ್ತಾರೆ. ಆ ಜಾತಿ ಶಾಲೆಯ ಹೊರಗೂ ಇದೆ.

ಯಜಮಾನ ಅಕ್ಕನನ್ನು ತನ್ನ ಕೋಣೆಗೆ ಕರೆದ. “ಬಾ ಅಕ್ಕ, ಒಂದು ಮಾತಾಡೋದಿದೆ.”

ಅಕ್ಕ ಏಳಲಿಲ್ಲ. “ಇಲ್ಲೇ ಹೇಳು.”

“ಒಳಗೆ ಬಾರೆ.”

“ಕೈ ನಡುಗುತ್ತೆ ಅಂತ ಇಲ್ಲೇ ಹೇಳಿದ್ದಲ್ವಾ? ನಾನು ಒಳಗೆ ಬಂದು ಒಬ್ಬಳೇ ಕೇಳಿದ್ರೆ ಇವರಿಗೆ ಹೇಗೆ ಗೊತ್ತಾಗುತ್ತೆ?” ಆಕೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ತಮ್ಮನಿಗೆ ಚಪ್ಪಲಿ ಎಡಬಲ ಹೇಳಿಕೊಟ್ಟ ಕಾಲದ ತಾಳ್ಮೆಯಿತ್ತು.

ಯಜಮಾನ ಬಾಗಿಲ ಚೌಕಟ್ಟು ಹಿಡಿದು ನಿಂತ. ಯಂತ್ರದವನನ್ನು ನೋಡಿದ, ಕತ್ತರಿಯ ಹೆಂಗಸರನ್ನು ನೋಡಿದ. “ಅಕ್ಕನ ಕೈ ಸರಿಯಾಗಿದೆ,” ಎಂದ. “ಮೌಸ್ ಕೆಟ್ಟಿತ್ತು. ನಾನು ನೋಡದೆ ಮಾತಾಡಿದೆ. ಮೆಲ್ಲಗೆ ಒತ್ತು ಅಂದಿದ್ದೂ ನಾನೇ.” ಅಕ್ಕನ ಕಡೆ ತಿರುಗಿ, “ಸಾಕಾ?” ಎಂದ.

“ಸಾಕು,” ಎಂದಳು ಅಕ್ಕ. “ನಾಡಿದ್ದು ಬರೋನಿಗೆ ಏನು ಹೇಳ್ತೀಯ?”

ಆತ ಅಲ್ಲೇ ನಿಂತು ಫೋನ್ ಮಾಡಿದ. ಆ ಕಡೆಯ ನಕ್ಷೆಗಾರ ಏನೋ ಕೇಳಿರಬೇಕು, ಯಜಮಾನ, “ಇಲ್ಲಪ್ಪ, ಕುರ್ಚಿ ಖಾಲಿ ಇಲ್ಲ. ನನ್ನದೇ ತಪ್ಪು, ನಿಮಗೆ ತೊಂದರೆ ಕೊಟ್ಟೆ,” ಎಂದ. ಒಂದೇ ದಿನ ಎರಡು ಸಲ ತಪ್ಪೊಪ್ಪಿಕೊಂಡ ಮನುಷ್ಯನ ಮುಖ ಹೇಗೆ ಹಗುರಾಗುತ್ತದೆಂಬುದನ್ನು ಕಾರ್ಖಾನೆಯವರೆಲ್ಲ ಪುಕ್ಕಟೆಯಾಗಿ ನೋಡಿದರು.

ಅಷ್ಟರಲ್ಲಿ ಅಕ್ಕ ಬಾಲದ ಮೌಸ್ ಹಿಡಿದು ಜ್ವಾಲೆಯ ಜೋಡಿ ಬಿಂದುಗಳನ್ನು ಹುಡುಕಿ ಅಳಿಸತೊಡಗಿದ್ದಳು. ಸೊಸೆ ಪಕ್ಕದಲ್ಲಿ ಕೂತು ತೋರಿಸುತ್ತಿದ್ದಳು. ಯಂತ್ರದವನು ಹೊಸ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುತ್ತಿದ್ದ.

“ಫೋನ್ ಮುಗೀತಾ?” ಎಂದಳು ಅಕ್ಕ, ತಲೆಯೆತ್ತದೆ. “ಹಾಗಿದ್ರೆ ಆ ಕಿಟಕಿ ಪರದೆ ಸ್ವಲ್ಪ ಎಳಿಯೋ. ಬಿಸಿಲು ಕಣ್ಣಿಗೆ ಹೊಡೀತಾ ಇದೆ, ಹೆಲ್ಮೆಟ್ ಅಂಚು ಕಾಣ್ತಿಲ್ಲ.”

ಯಜಮಾನ ಹೋಗಿ ಕಿಟಕಿಯ ಪರದೆ ಎಳೆದ.

“ಅಷ್ಟು ಬೇಡ. ಇನ್ನೊಂಚೂರು ಈ ಕಡೆ. ಹಾಂ, ಅಷ್ಟೇ ಇರಲಿ.”