ಅರ್ಧ ಸುತ್ತು

ಒದ್ದು ಒದ್ದು ಕ್ಲೆಮ್‌ನ ಕರಿಬೂಟಿನ ಹೊಳಪೇ ಹೋಯಿತು. ಮೋಟಾರ್‌ಸೈಕಲ್ ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಪಕ್ಕದ ಸೈಡ್‌ಕಾರಿನ ಮೇಲೆ ಬಿಗಿದು ಕಟ್ಟಿದ ಪೆಟ್ಟಿಗೆಯೊಳಗೆ ಗಾಡಿಯ ಯಜಮಾನ ಮರ್ವ್ ಟ್ರೆಲೋರ್, ಜೀವಮಾನದಲ್ಲಿ ಮೊದಲ ಬಾರಿಗೆ, ಯಾವ ಸಲಹೆಯನ್ನೂ ಕೊಡದೆ ಮಲಗಿದ್ದ. ಪೆಟ್ಟಿಗೆಯ ಮೇಲೆ ಅವನ ಟೋಪಿ, ಮರದ ಹಿಡಿಯ ಸ್ಕ್ರೂಡ್ರೈವರ್, ಮಾಂಸ ಆಲೂಗೆಡ್ಡೆ ತುಂಬಿದ, ಕಡುಬಿನಂಥ ಒಂದು ಪ್ಯಾಸ್ಟಿ. ತನ್ನನ್ನು ತನ್ನ ಗಾಡಿಯಲ್ಲೇ ಒಯ್ಯಬೇಕು, ಕ್ಲೆಮ್‌ನೇ ಓಡಿಸಬೇಕು ಎಂಬುದು ಅವನ ಆಸೆಯಾಗಿತ್ತು.

ಮೂಂಟಾ ಊರಿನ ಚರ್ಚಿನಿಂದ ಸ್ಮಶಾನವೇನೂ ದೂರವಲ್ಲ. ಆದರೂ ಗಾಡಿ ನಿಂತದ್ದು ಇದು ಎರಡನೇ ಸಲ. ಹಿಂದೆ, ಶವಯಾತ್ರೆಯ ಪದ್ಧತಿಯಂತೆ ನಡುಹಗಲಲ್ಲೂ ದೀಪ ಹೊತ್ತಿಸಿಕೊಂಡು ನಿಂತ ಕಾರುಗಳ ಸಾಲು. ಎರಡೂ ಕಡೆ ಕೊಯ್ಲಾದ ಬಾರ್ಲಿ ಹೊಲ, ಫೆಬ್ರವರಿಯ ಬಿಸಿಲು, ನೊಣ.

"ಡೈನಮೋ ಬ್ಯಾಟರಿಗೆ ಏನೂ ಕೊಡ್ತಿಲ್ಲ," ಎಂದ ಕ್ಲೆಮ್. "ಇರೋದನ್ನೆಲ್ಲ ಹೆಡ್‌ಲೈಟು ಕುಡೀತಿದೆ."

"ಹಾಗಾದ್ರೆ ಲೈಟ್ ಆರಿಸಯ್ಯಾ," ಎಂದ ಕಟುಕರಂಗಡಿಯ ಡೆಸ್.

"ಹೆಣದ ಮೆರವಣಿಗೇಲಿ ಲೈಟ್ ಆರಿಸ್ಕೊಂಡು ಹೋಗೋಕೆ ನಾನೇನು ಕದ್ಕೊಂಡು ಹೋಗ್ತಿದೀನಾ?"

"ಇಷ್ಟು ವರ್ಷ ಶನಿವಾರ ಶನಿವಾರ ಇದನ್ನೇ ರಿಪೇರಿ ಮಾಡಿದ್ಯಲ್ಲೋ! ಮಾಡಿದ್ದಾದ್ರೂ ಏನು?"

ಮಣ್ಣಿಗೆ ಬಂದವರು ನಗಬಾರದಷ್ಟು ನಕ್ಕರು. ಕ್ಲೆಮ್‌ನ ಕಿವಿ ಕೆಂಪಾಯಿತು. ಅವನು ರಸ್ತೆಯ ಮೇಲೆ ಕರವಸ್ತ್ರ ಹಾಸಿ ಮೊಣಕಾಲೂರಿ ಡೈನಮೋದ ಮುಚ್ಚಳ ಬಿಚ್ಚಿದ.

ಶವಸಂಸ್ಕಾರದ ವ್ಯವಸ್ಥೆ ಹೊತ್ತಿದ್ದ ನೊಲೀನ್ ತನ್ನ ಉದ್ದನೆಯ ಕರಿಕಾರಿನಿಂದ ಇಳಿದು ಬಂದಳು. "ಕ್ಲೆಮ್, ಇದೇ ಕೊನೆ. ಆಗ್ಲಿಲ್ಲ ಅಂದ್ರೆ ಪೆಟ್ಟಿಗೇನ ನನ್ನ ಕಾರಿಗೆ ಎತ್ತಿಸ್ತೀನಿ. ಈ ಸೆಕೇಲಿ..." ಮುಂದಿನದನ್ನು ನುಂಗಿಕೊಂಡಳು, ಅವಳ ಹಿಂದೆಯೇ ಮರ್ವ್‌ನ ಹೆಂಡತಿ ಐಲ್ಸಾ ಇಳಿದು ಬರುತ್ತಿದ್ದಳು.

ರೋಗ ಎಲ್ಲಿದೆಯೆಂದು ಐಲ್ಸಾಗೆ ಗೊತ್ತಿತ್ತು. ಡೈನಮೋದಲ್ಲಲ್ಲ. ಡೈನಮೋದ ಕರೆಂಟನ್ನು ಬ್ಯಾಟರಿಗೆ ದಾಟಿಸುವ, ಸೀಟಿನ ಕೆಳಗಿನ ಪುಟ್ಟ ಡಬ್ಬಿಯಲ್ಲಿ ಒಂದು ತಿರುಪು ಸಡಿಲವಾಗಿದೆ, ಅಷ್ಟೇ. ಒಂದು ಮಾತು ಆಡಿದರೆ ಗಾಡಿ ಓಡುತ್ತದೆ. ಆದರೆ ಆ ಮಾತು ಆಡಿದರೆ, ಮೊಣಕಾಲೂರಿ ಕೂತಿರುವ ಈ ಮನುಷ್ಯ ಮತ್ತೆ ಏಳುತ್ತಾನೆಂಬ ಭರವಸೆ ಅವಳಿಗಿರಲಿಲ್ಲ.

*

ವರ್ಷಗಳ ಹಿಂದೆ, ಹೆಂಡತಿ ಬೆರಿಲ್ ತೀರಿಕೊಂಡ ಮೇಲೆ ಕ್ಲೆಮ್ ಬಾಗಿಲು ಹಾಕಿಕೊಂಡಿದ್ದ. ಅಕ್ಕಪಕ್ಕದವರು ಮೆಟ್ಟಿಲ ಮೇಲಿಟ್ಟ ತಟ್ಟೆಗಳನ್ನು ಇರುವೆಗಳು ಖಾಲಿ ಮಾಡುತ್ತಿದ್ದವು. ಸಮಾಧಾನ ಹೇಳಲು ಹೋದವರೆಲ್ಲ ಬಾಗಿಲಿಗೆ ಸಮಾಧಾನ ಹೇಳಿ ಬಂದರು. ಕೊನೆಗೆ ಮರ್ವ್ ಹೋದವನು ಬೆರಿಲ್‌ಳ ಹೆಸರೇ ಎತ್ತಲಿಲ್ಲ.

"ನನ್ನ ಗಾಡಿ ಚಾರ್ಜ್ ಆಗ್ತಿಲ್ಲ ಕಣೋ. ರೈಲ್ವೇಲಿ ವೈರ್ ಎಳೆದೋನು ನೀನು. ಒಂದ್ಸಲ ಬಂದು ನೋಡು."

ಶನಿವಾರ ಕ್ಲೆಮ್ ಬಂದ. ಬೈದುಕೊಂಡು ಡೈನಮೋ ಬಿಚ್ಚಿದ, ಎರಡು ಪ್ಯಾಸ್ಟಿ ತಿಂದ, ಗಾಡಿಯನ್ನು ಸರಿಮಾಡಿ ಹೋದ.

ಮುಂದಿನ ಶುಕ್ರವಾರ ಸಂಜೆ ಐಲ್ಸಾ ಶೆಡ್ಡಿಗೆ ಚಹಾ ಒಯ್ದಾಗ ಮರ್ವ್ ಸೀಟಿನ ಕೆಳಗೆ ಕೈ ಹಾಕಿ ತಿರುಪು ಸಡಿಲಿಸುತ್ತಿದ್ದ.

"ಸರಿಯಾಗಿರೋದನ್ನ ಯಾಕೆ ಕೆಡಿಸ್ತೀಯ?"

"ಸರಿಯಾಗಿದ್ರೆ ಅವನು ಯಾಕೆ ಬರ್ತಾನೆ?"

ಅಲ್ಲಿಂದ ಅದೇ ಪದ್ಧತಿಯಾಯಿತು. ಶನಿವಾರ ಕ್ಲೆಮ್ ಎಲ್ಲ ಬಿಚ್ಚಿ ಉಜ್ಜಿ ಜೋಡಿಸುವನು. ಊಟಕ್ಕೆ ಕೈತೊಳೆಯಲು ಹೋದಾಗ ಮರ್ವ್ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡುವನು. ಊಟವಾಗಿ ಗಾಡಿ ಒದ್ದರೆ ಚಾರ್ಜ್ ತೋರಿಸುವ ಮೀಟರಿನ ಮುಳ್ಳು ಬಲಕ್ಕೆ ಏಳುವುದು. "ಡೈನಮೋದೊಳಗಿನ ಬ್ರಷ್ಷು ಕಣೋ, ಮಸಿ ಹಿಡಿದಿತ್ತು," ಎನ್ನುವನು ಕ್ಲೆಮ್. ಇನ್ನೊಂದು ವಾರ, "ತೇವ ಕಣೋ." ಆ ಪಿಶಾಚಿ ಗಾಡಿಗೆ ಕ್ಲೆಮ್ ಒಬ್ಬನೇ ವೈದ್ಯ ಎಂದು ಊರೆಲ್ಲ ನಂಬಿತು. ಎಲ್ಲರಿಗಿಂತ ಹೆಚ್ಚಾಗಿ ಕ್ಲೆಮ್ ನಂಬಿದ.

ಕಳೆದ ಶುಕ್ರವಾರವೂ ಮರ್ವ್ ತಿರುಪು ಸಡಿಲಿಸಿ ಮಲಗಿದ. ಶನಿವಾರ ಬಿಗಿ ಮಾಡಲು ಏಳಲಿಲ್ಲ.

*

"ಸಾಕು," ಎಂದಳು ನೊಲೀನ್. ಪೆಟ್ಟಿಗೆ ಎತ್ತುವವರು ಮುಂದೆ ಬಂದರು. ಕ್ಲೆಮ್ ತಲೆ ಎತ್ತಲಿಲ್ಲ. ಆಗಲೇ ಒರೆಸಿದ್ದ ಬ್ರಷ್ಷನ್ನು ಮತ್ತೆ ಒರೆಸುತ್ತಿದ್ದ.

"ನಿಲ್ಲಿ," ಎಂದಳು ಐಲ್ಸಾ. "ನನ್ನ ಗಂಡನ ಹತ್ರ ಒಂದು ಮಾತಿದೆ. ಎಲ್ರೂ ಆ ಕಡೆ ತಿರುಗಿ. ನೀನೂ ಕಣೋ ಕ್ಲೆಮ್, ಆ ಮುಚ್ಚಳ ಹಾಕಿ ಏಳು."

"ಈಗಲಾ?" ಎಂದಳು ನೊಲೀನ್.

"ಅವನು ಮನೇಲಿ ಕೇಳಿಸ್ಕೊಂಡಿದ್ರೆ ಇಲ್ಲಿ ಯಾಕೆ ಹೇಳ್ತಿದ್ದೆ?"

ಕಾರುಗಳಿಂದ ಇಳಿದವರೆಲ್ಲ ಬಾರ್ಲಿ ಹೊಲದ ಕಡೆ ತಿರುಗಿದರು. ಗಂಡಸರು ಟೋಪಿ ತೆಗೆದರು. ಐಲ್ಸಾ ಪೆಟ್ಟಿಗೆಯ ಮೇಲಿನ ಸ್ಕ್ರೂಡ್ರೈವರ್ ಎತ್ತಿಕೊಂಡು ಕಾದ ಡಾಂಬರಿನ ಮೇಲೆ ಮೊಣಕಾಲೂರಿದಳು. ಸೀಟಿನ ಕೆಳಗೆ ಬೆರಳಿಗೆ ವೈರು ಸಿಕ್ಕಿತು, ಡಬ್ಬಿ ಸಿಕ್ಕಿತು, ತಿರುಪು ಸಿಗಲಿಲ್ಲ. ಯಾರದೋ ಬೂಟು ಜಲ್ಲಿಯ ಮೇಲೆ ಕರಕರ ಎಂದಿತು.

"ಮುಗೀತಾ ಐಲ್ಸಾ?" ಕ್ಲೆಮ್‌ನ ದನಿ. ತೀರ ಹತ್ತಿರದಲ್ಲಿ.

"ತಿರುಗಬೇಡ! ಅವನಿಗೆ ಬೈಯೋದು ಇಷ್ಟು ಬೇಗ ಮುಗಿಯುತ್ತಾ?"

ಸ್ಕ್ರೂಡ್ರೈವರಿನ ತುದಿ ಜಾರಿತು, ಮತ್ತೆ ಜಾರಿತು, ಕೂತಿತು. ಅರ್ಧ ಸುತ್ತು. ಅವಳು ಏಳುವಾಗ ಸ್ಕ್ರೂಡ್ರೈವರ್ ಕೈಚೀಲದೊಳಗಿತ್ತು.

"ಇಷ್ಟು ಹೊತ್ತು ಸುಧಾರಿಸ್ಕೊಂಡಿದೆ, ಬ್ಯಾಟರೀಲಿ ಒಂದು ಕಿಡಿಗಾಗೋಷ್ಟು ಜೀವ ಬಂದಿರುತ್ತೆ," ಎಂದ ಕ್ಲೆಮ್, ಯಾರ ಮುಖವನ್ನೂ ನೋಡದೆ. "ಒಂದೇ ಒಂದ್ಸಲ ತಳ್ಳಿ."

ತಳ್ಳಿದರು. ಗಾಡಿ ಕೆಮ್ಮಿತು, ಗುಡುಗಿತು, ಉಸಿರು ಹಿಡಿಯಿತು. ಕ್ಲೆಮ್‌ನ ಕಣ್ಣು ಮೀಟರಿನ ಮೇಲಿತ್ತು. ಮುಳ್ಳು ನಡುಗಿ ಮೆಲ್ಲಗೆ ಬಲಕ್ಕೆ ಎದ್ದಿತು.

"ಬ್ರಷ್ಷು!" ಎಂದು ಅವನು ಡೆಸ್‌ನ ಕಡೆ ಕೂಗಿದ. "ಹೇಳ್ಲಿಲ್ವೇನೋ, ಬ್ರಷ್ಷೇ!"

ಗುಂಡಿಯ ಬಳಿ ಕ್ಲೆಮ್ ಟೋಪಿಯನ್ನೂ ಪ್ಯಾಸ್ಟಿಯನ್ನೂ ಇಳಿಬಿಟ್ಟು ಸುತ್ತ ಹುಡುಕಿದ. "ಅವನ ಸ್ಕ್ರೂಡ್ರೈವರ್ ಎಲ್ಲಿ?"

"ಇರ್ಲಿ ಬಿಡು," ಎಂದಳು ಐಲ್ಸಾ. "ಅಲ್ಲಿ ಅವನಿಗೇನು ಕೆಲಸ."

ಚರ್ಚಿನ ಹಾಲಿನಲ್ಲಿ ಚಹಾ ಮುಗಿದ ಮೇಲೆ ಕ್ಲೆಮ್ ಗಾಡಿಯನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದ. ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟ ಮೇಲೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

"ಈ ಸಲ ಪೂರ್ತಿ ವಾಸಿಯಾಗಿದೆ, ಐಲ್ಸಾ. ದಾರಿ ಉದ್ದಕ್ಕೂ ಮುಳ್ಳು ಅಲ್ಲಾಡ್ಲಿಲ್ಲ. ಇನ್ನು ನನ್ನ ಕೆಲಸ ಏನೂ ಇಲ್ಲ."

"ಹೂಂ," ಎಂದಳು.

ಅವನು ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ರಸ್ತೆಯಾಚೆ ಅವನ ಮನೆಯ ಬಾಗಿಲು ತೆರೆಯಿತು, ಮುಚ್ಚಿತು. ದೀಪ ಹೊತ್ತಲಿಲ್ಲ.

ಅಂದು ಶುಕ್ರವಾರ. ಐಲ್ಸಾ ಕೈಚೀಲ ತೆರೆದು ಸೀಟಿನ ಕೆಳಗೆ ಕೈ ಹಾಕಿದಳು. ಈ ಸಲ ತಿರುಪನ್ನು ಹುಡುಕಬೇಕಾಗಲಿಲ್ಲ. ಎಡಕ್ಕೆ, ಅರ್ಧ ಸುತ್ತು. ಸ್ಕ್ರೂಡ್ರೈವರನ್ನು ಅದರ ಮೊಳೆಗೆ ತೂಗುಹಾಕಿ ಅಡುಗೆಮನೆಗೆ ಹೋದವಳು, ಶೋಕದ ಕರಿಬಟ್ಟೆಯನ್ನೂ ಬದಲಿಸದೆ, ನಾಳೆಯ ಪ್ಯಾಸ್ಟಿಗೆ ಆಲೂಗೆಡ್ಡೆ ಹೆಚ್ಚತೊಡಗಿದಳು.